ಬಾಗಿಲಿಲ್ಲದ ಪ್ರತಿವಾದಿ

ಇಪ್ಪತ್ತಾರು ವರ್ಷದಿಂದ ಕಾಸರಗೋಡು ಕೋರ್ಟಿನ ಅಮೀನ ನಾನು, ಐತಪ್ಪ ನಾಯ್ಕ.
ನಾನು ತಟ್ಟದ ಬಾಗಿಲು ಈ ಸುತ್ತಿನಲ್ಲಿ ಕಡಿಮೆ.
ಬೋವಿಕ್ಕಾನದ ಹಂಚಿನ ಮನೆ, ತಳಂಗರೆಯ ಕಬ್ಬಿಣದ ಗೇಟು,
ನಾಯಿ ಇದ್ದದ್ದು, ನಾಯಿ ಇದೆಯೆಂದು ಬರೆದದ್ದು ಮಾತ್ರ.
ಒಳಗಿದ್ದುಕೊಂಡೇ ‘ಇಲ್ಲ’ ಎನ್ನುವವರ ದನಿ ನನಗೆ ಬಾಯಿಪಾಠ.
ತೆಗೆದುಕೊಳ್ಳದಿದ್ದರೆ ಇಬ್ಬರು ಸಾಕ್ಷಿ ಕರೆದು
ಬಾಗಿಲಿಗೇ ಅಂಟಿಸಿ ಬರುತ್ತೇನೆ.
ಕಾನೂನೆಂದರೆ ನನ್ನ ಮಟ್ಟಿಗೆ ಇಷ್ಟೇ:
ಒಂದು ಕಾಗದ, ಒಂದು ಬಾಗಿಲು,
ನಡುವೆ ಸ್ವಲ್ಪ ಮೈದಾ ಅಂಟು.

ಈ ಸಲ ವಾದಿ ಮುಳ್ಳೇರಿಯದ ಕುಸುಮಾವತಿ, ಹೊಲಿಗೆಯವಳು.
ಮೆಷಿನ್ನಿನ ಮೋಟಾರಿಗೆಂದು ಫೋನಿನಲ್ಲಿ ಎತ್ತಿದ್ದು ನಾಲ್ಕು ಸಾವಿರ.
ಏಳನೇ ದಿನ ಏಳು ಸಾವಿರ ಕೇಳಿದರು.
ಎಂಟನೇ ದಿನ ಅವಳ ಮುಖವನ್ನು
ಯಾರದೋ ಬೆತ್ತಲೆ ಮೈಗೆ ಹೊಲಿದು
ಅವಳ ಫೋನಿನೊಳಗಿನ ನೂರೆಂಬತ್ತೇಳು ಹೆಸರಿಗೂ ಕಳಿಸಿದರು.
ಹಾಲಿನ ಡಿಪೋ, ಮಗಳ ಟೀಚರು,
ರವಿಕೆಗೆ ಬಟ್ಟೆ ಕೊಟ್ಟು ಹೋದವರು.

ಒಂದನೇ ಪ್ರತಿವಾದಿ ಸಾಲ ಕೊಟ್ಟವರು.
ಬಸ್‌ಸ್ಟ್ಯಾಂಡಿನ ಹತ್ತಿರ, ಹಾಸಿಗೆ ಅಂಗಡಿಯ ಮಾಳಿಗೆ. ಬೀಗ.
ಅಂಗಡಿಯ ಹಸೈನಾರ್ ಹೇಳಿದ:
‘ಮೂರು ತಿಂಗಳ ಬಾಡಿಗೆ ಬಾಕಿ ಉಂಟು ನಾಯ್ಕರೇ,
ಸಿಕ್ಕಿದರೆ ನನ್ನದನ್ನೂ ಸೇರಿಸಿ.’
ಅಂಟಿಸಿದೆ. ಅವನೇ ಸಾಕ್ಷಿ.

ಮೂರನೆಯದು ಸರಕಾರ. ಸುಲಭ.
ಕಲೆಕ್ಟರೇಟಿನಲ್ಲಿ ಸೀಲು ಹಾಕಿ ತೆಗೆದುಕೊಂಡರು, ಚಹಾ ಕೊಟ್ಟರು.
ಸರಕಾರ ಬಾಗಿಲು ಮುಚ್ಚುವುದಿಲ್ಲ,
ವಾಯಿದೆ ಕೇಳುತ್ತದೆ.

ಎರಡನೆಯದು, ಆ ಆಪನ್ನು ತನ್ನ ಅಂಗಡಿಯಲ್ಲಿಟ್ಟ ದೊಡ್ಡ ಕಂಪೆನಿ.
ಕಡಲಾಚೆಯ ವಿಳಾಸ.
ಇಲ್ಲಿಯ ಶಾಖೆಗೆ ಕಳಿಸಿದ್ದು ವಾಪಸು ಬಂತು:
ನಾವು ಅವರಲ್ಲ, ಅವರ ತಂಗಿ.
ಸಾಹೇಬರು ಇಮೇಲಿನಲ್ಲಿ ಕಳಿಸಲು ಹೇಳಿದರು.
ಗುಮಾಸ್ತೆ ಒತ್ತಿದ ಅರ್ಧ ನಿಮಿಷಕ್ಕೆ ಉತ್ತರ:
ಈ ವಿಳಾಸಕ್ಕೆ ಬಂದದ್ದನ್ನು ಯಾರೂ ಓದುವುದಿಲ್ಲ.

ಆ ಸಂಜೆ ನನ್ನ ಕಿಸೆಯಲ್ಲಿ ಫೋನು ಟಿಣ್ ಅಂದಿತು.
‘ನೀವು ಇಂದು ಹಾಸಿಗೆ ಅಂಗಡಿಗೆ ಹೋಗಿದ್ದಿರಿ.
ಎಷ್ಟು ನಕ್ಷತ್ರ ಕೊಡುವಿರಿ?’
ಯಾರ ಮ್ಯಾಪು ಎಂದು ನೋಡಿದೆ.
ಎರಡನೇ ಪ್ರತಿವಾದಿಯದ್ದೇ.
ಅಮೀನ ಎಲ್ಲಿ ನಿಂತ, ಎಷ್ಟು ಹೊತ್ತು ನಿಂತ,
ಅವನಿಗೆ ಗೊತ್ತು.
ನನಗೆ ಅವನ ಮನೆಯ ಮೆಟ್ಟಿಲು ಸಹ ಗೊತ್ತಿಲ್ಲ.

‘ಕಾನತ್ತೂರಿಗೆ ಹೇಳಿಕೊಳ್ಳಲಿ ಆಕೆ,
ಅಲ್ಲಿಂದ ಕಾಗದ ಹೋದರೆ ಬಾರದವರುಂಟಾ?’
ಎಂದಳು ನನ್ನ ಹೆಂಡತಿ, ಮೀನು ಕೊಯ್ಯುತ್ತಾ.
ಕಾಗದ ಬರೆಯಲು ದೈವದ ಚಾವಡಿಯಲ್ಲೂ
ಹೆಸರು, ಊರು ಕೇಳುತ್ತಾರೆ ಮಾರಾಯ್ತಿ.

ಕುಸುಮಾವತಿ ಹೇಳಿದ್ದು ಕನ್ನಡದಲ್ಲಿ.
ದುಭಾಷಿ ಮಲೆಯಾಳಕ್ಕೆ ತಂದ, ಫೈಲಿಗೆ ಇಂಗ್ಲಿಷಾಯಿತು.
ಎರಡು ಗಡಿ ದಾಟುವಷ್ಟರಲ್ಲಿ
‘ಮಾನ’ ಎಂಬುದು ‘ಪ್ರತಿಷ್ಠೆಗೆ ಧಕ್ಕೆ’ ಆಗಿತ್ತು.
ಆಮೇಲೆ ಅವಳು ಚೀಲದಿಂದ ತೆಗೆದದ್ದು
ಎಣ್ಣೆ ಕಲೆಯ ನೋಟುಪುಸ್ತಕ.
‘ಮುನ್ನೂರು ಹೆಂಗಸರ ಮೈಯಳತೆ ಇದರಲ್ಲುಂಟು.
ಎದೆ, ಸೊಂಟ, ತೋಳು.
ಯಾರಿಗೆ ಒಂದು ಕಡೆ ಮೊಲೆ ತೆಗೆದಿದ್ದಾರೆ,
ಯಾರು ಮೂರು ತಿಂಗಳೆಂದು ಇನ್ನೂ ಮನೆಯಲ್ಲಿ ಹೇಳಿಲ್ಲ.
ಹದಿನೆಂಟು ವರ್ಷ. ಒಬ್ಬಳದ್ದು ಇನ್ನೊಬ್ಬಳಿಗೆ ಹೇಳಿಲ್ಲ.
ನನಗೆ ಯಾವ ಕಾನೂನೂ ಹೇಳಿಕೊಟ್ಟದ್ದಲ್ಲ, ಸ್ವಾಮಿ.’
ದುಭಾಷಿ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ.

ಹೊತ್ತಾಯಿತು. ಡಫೇದಾರ ಕುಂಞಂಬು ವರಾಂಡಕ್ಕೆ ಹೋಗಿ
ಕಂಪೆನಿಯ ಹೆಸರನ್ನು ನಡುವೆ ಮುರಿದು ಕೂಗಿದ.
ಹೋದ ವಾರ, ಬೇಲಿ ಸರಿಸಿದ
ಕೋರನ್ ಮಣಿಯಾಣಿಯನ್ನು ಕರೆದ ಅದೇ ಗಂಟಲು,
ಒಂದು ಪಿಸರು ಹೆಚ್ಚಿಲ್ಲ, ಕಡಿಮೆಯಿಲ್ಲ.
ಮೂರನೇ ಕೂಗಿಗೆ
ನೆಲ್ಲಿಮರದಡಿ ಕೂತಿದ್ದ ಕಕ್ಷಿದಾರರೆಲ್ಲ
ಯಾರಪ್ಪಾ ಇವ ಎಂದು ತಿರುಗಿ ನೋಡಿದರು.

ಮುಂದಿನ ವಾಯಿದೆ ಹದಿನೇಳಕ್ಕೆ.
ಒಂದು ಪ್ರತಿ ನನ್ನ ಚೀಲದಲ್ಲಿ ಹಾಗೇ ಉಂಟು.
ಅಂಟು ಗಟ್ಟಿಯಾಗದ ಹಾಗೆ
ಡಬ್ಬಿಗೆ ಆಗಾಗ ನೀರು ಚಿಮುಕಿಸುತ್ತೇನೆ.