ಅಳತಿ ವಹಿ

ಬೆಟಗೇರಿ ಬಸ್‌ಸ್ಟ್ಯಾಂಡಿನ ಎದುರು, ಸೋಡಾ ಅಂಗಡಿ ಮಗ್ಗಲಾಗ
ನನ್ನ ಮಷೀನು. ಕುಂತು ನಲವತ್ತೊಂದು ವರ್ಷಾತು.
ಊರಿನ ಹೊಟ್ಟಿ ಯಾವ ಸಾಲಿನಾಗ ಎಷ್ಟು ಬೆಳೀತು
ಇಂಚಿಂಚು ಬರದಿಟ್ಟೇನಿ.

ಸಾಮಾನ್ಯದ್ದಲ್ಲರಿ ಈ ಕೆಂಪು ವಹಿ.
ಜನನ-ಮರಣದ ರಜಿಸ್ಟರದಾಗ
ಮನಶ್ಯಾಗ ಎರಡ ತಾರೀಖು;
ನಡಕಿನ ಸೊಂಟ ಎಲ್ಲಾ ನನ್ನ ಹಂತ್ಯಾಕ ಅದಾವ.

ಚನ್ನವೀರಪ್ಪ ಮೆಣಸಗಿ, ಪುಟ ಹದಿನಾಕು:
ಮದುವಿ ಪ್ಯಾಂಟಿಗೆ ಇಪ್ಪತ್ತೆಂಟು.
ಅದನ್ನ ಹೊಡದು ಮೂವತ್ತೆರಡು,
ಅದನ್ನೂ ಹೊಡದು ಮೂವತ್ತಾರು,
ಆಮ್ಯಾಲ ಪುಟದಾಗ ಜಾಗಾ ಸಾಲದ
ಅಂಚಿನಾಗ, ಅಡ್ಡ, ನಲವತ್ತೊಂದು.
ಪ್ರತಿ ಸಲ ಉಸಿರು ಒಳಗ ಜಗ್ಗಿ ನಿಂತು ಅವರ ಮಾತು ಒಂದ:
"ಏಕನಾಥ, ಟೇಪು ಬಿಸಿನೀರಾಗ ತೊಳದೀ ಏನು?
ಗಿಡ್ಡ ಆಗೇತಿ ನೋಡು. ಹೊಸಾದು ತೊಗೊ."
"ತೊಗೋತೀನ್ರಿ ಸಾವ್ಕಾರ್ರ" ಅಂತಿದ್ದೆ.

ನಮ್ಮಪ್ಪ ಕಲಿಸಿದ್ದು ಅದ:
ಮನಶ್ಯಾ ಹೆಂಗದಾನ ಹಂಗ ಅಳಿ,
ಮುಂದ ಹೆಂಗಾಗತಾನ ನೋಡಿ ಕತ್ತರಸು.
ಮೂವತ್ತು ದಾಟಿದವನ ಪ್ಯಾಂಟಿಗೆ
ಹಿಂದಿನ ಹೊಲಗಿ ಒಳಗ ಎರಡಿಂಚು ಅರಬಿ ಮಡಚಿ ಬಿಡು,
ಅವಗ ಹೇಳಬ್ಯಾಡ.

ದಾಕ್ಷಾಯಣಿ ಟೀಚರು ರಿಟೈರಾದ ಮರುದಿನ ಬಂದ್ರು.
"ಹುಕ್ಕು ಮುಂದ ಹಚ್ಚಪಾ, ಕೈ ಹಿಂದಕ ಹೋಗವಲ್ಲದು.
ಮತ್ತ, ಜಂಪರಿಗೆ ಒಂದು ಕಿಸೆ."
"ಕಿಸೆ? ಜಂಪರಿಗೇನ್ರಿ ಬಾಯಾರ?"
"ಮೂವತ್ತೈದು ವರ್ಷ ಹುಡುಗೂರ ಕಿಸೆ ತಪಾಸ ಮಾಡೇನಿ.
ಒಬ್ಬೊಬ್ಬರದು ಏನೇನು ಸಂಸಾರ ಅಂತಿ! ಗೋಲಿ, ಹುಣಸಿಬೀಜ,
ಒಂದು ಸಲ ಜೀವಂತ ಓತಿಕ್ಯಾತ.
ಈಗ ನನಗೂ ಒಂದು ಇರಲಿ."
"ಏನಿಡತೀರಿ?"
"ನಿನಗ್ಯಾಕೋ?" ಅಂದವರು,
ಮೆಟ್ಟಲ ಇಳದು, ತಿರುಗಿ, ಸಣ್ಣ ದನಿಲೆ:
"ಸೇಂಗಾ ಚಿಕ್ಕಿ. ಸೊಸಿ ಶುಗರು ಅಂತಾಳ."

ನಂದೇನು ಕಡಿಮಿ ಇಲ್ಲ.
ಸೂಜಿ ಕಂಪನಿಯವರು ಕಣ್ಣು ಸಣ್ಣ ಮಾಡ್ಯಾರ,
ದುಡ್ಡು ಮಾತ್ರ ಮೊದಲಿಗಿಂತ ದೊಡ್ಡದು ತೊಗೋತಾರ.
ದಿನಾ ಮುಂಜಾನೆ ಸಾಲಿಗೆ ಹೋಗೂ ಹುಡುಗೂರನ್ನ ನಿಂದರಿಸಿ
ಹತ್ತು ಸೂಜಿಗೆ ದಾರ ಪೋಣಿಸಿ ಇಟಗೋತೀನಿ,
ಸಂಜೀತನಕ ನನಗ ಹದಿನೆಂಟರ ದೃಷ್ಟಿ.

ಹೋದ ಅಮಾಸಿಗೆ ಚನ್ನವೀರಪ್ಪ ಬಂದ್ರು, ಕೋಲು ಹಿಡಕೊಂಡು.
ಟೇಪು ಸುತ್ತಿದೆ.
ಮೂವತ್ಮೂರು.
ಇನ್ನೊಮ್ಮಿ ಸುತ್ತಿದೆ. ಅಷ್ಟ.
ಅವರು ಉಸಿರು ಜಗ್ಗಿರಲಿಲ್ಲ. ಟೇಪಿಗೂ ಬೈಲಿಲ್ಲ.
ಸೋಡಾ ಗೋಲಿ ಚೀರಿದ್ದೊಂದ ಕೇಳಸ್ತು.
"ಸಾವ್ಕಾರ್ರ, ನಿಮ್ಮ ಮಾತು ಖರೇರಿ," ಅಂದೆ,
"ಹಳೇದು ಗಿಡ್ಡನ ಆಗಿತ್ತು. ಇದು ಹೊಸ ಟೇಪು."
ನನ್ನ ಮಾರಿ ನೋಡಿದ್ರು.
ತುದಿ ಪಟ್ಟಿ ಕಿತ್ತು, ಅಂಕಿ ಅಳಿಸಿದ ಅದ ಹಳೇ ಟೇಪನ್ನೂ ನೋಡಿದ್ರು.
ಆಮ್ಯಾಲ ನಕ್ಕರು ನೋಡ್ರಿ, ಕೆಮ್ಮು ಬರೂತನಕ:
"ನಾ ಅಂದಿದ್ದಿಲ್ಲೇನಲೇ!"

ಆವತ್ತ ರಾತ್ರಿ ರುಕ್ಮಾಗ ಹೇಳಿದೆ, ನನ್ನನ್ನೂ ಅಳಿ.
ಇಷ್ಟು ವರ್ಷದಾಗ ವಹಿಯೊಳಗ ನನಗೊಂದು ಪುಟ ಇದ್ದಿಲ್ಲ.
ಕುರ್ಚಿ ಹತ್ತಿ ನೆತ್ತಿಮ್ಯಾಲ ಟೇಪು ಹಿಡದ್ಲು.
ಒಂದಿಂಚು ಕಡಿಮಿ.
"ಎಲ್ಲಿ ಹೋತು?"
"ಮಷೀನಿನ ಕೆಳಗ ಬಿದ್ದಿರಬೇಕು,
ನಾಳೆ ಕಸಾ ಹೊಡಿಯುವಾಗ ನೋಡತೀನಿ," ಅಂದು
ದೀಪ ಆರಿಸಿದ್ಲು.

ಇವತ್ತು ಸೋಡಾ ಅಂಗಡಿ ಹುಡುಗ ಬಂದು ನಿಂತಾನ,
ಪ್ಯಾಂಟು ಮೀನಖಂಡಕ್ಕ ಏರೇತಿ.
ನಾನ ಒಳಗ ಮಡಚಿಟ್ಟಿದ್ದ ನಾಕಿಂಚು ಬಿಚ್ಚಬೇಕು.
"ಗುರುವಾರ ಬಾ," ಅಂದೆ, ರೂಢಿ ಪ್ರಕಾರ.
"ಯಾವ ಗುರುವಾರ, ಅಜ್ಜಾ?"

ನಿನ್ನಿತನಕ ಕಾಕಾ ಇದ್ದೆ.
ಲೇ, ಇತ್ತ ಬಾ.
ಈ ಸೂಜಿಗೆ ದಾರ ಪೋಣಿಸು ಮೊದಲ.