ಉಪ್ಪಿನ ಲಾರಿಯ ಕ್ಯಾಸೆಟ್ಟು

ಬ್ರೇಡನ್, ನಾಳೆಯಿಂದ ಈ ಲಾರಿ ನಿಂದು.
ಎರಡನೇ ಗೇರು ಮೊಂಡು, ಮೊಣಕೈ ಕೊಟ್ಟು ನೂಕು.
ಎಡಗಡೆ ವೈಪರು ಅರ್ಧಕ್ಕೇ ನಿಟ್ಟುಸಿರು ಬಿಟ್ಟು ನಿಲ್ಲುತ್ತೆ.
ಬೆನ್ನ ಮೇಲೆ ಹತ್ತು ಟನ್ ಉಪ್ಪಿದ್ದಾಗ
ಗುಡ್ಡದ ಇಳಿಜಾರಲ್ಲಿ ಬ್ರೇಕನ್ನು ನಂಬಬೇಡ,
ನಂಬಿದವರ ಶಿಲುಬೆ ತಿರುವಿನಲ್ಲಿ ಎರಡಿವೆ.

ಆಮೇಲೆ ಇದು. ಈ ಕ್ಯಾಸೆಟ್ಟು.
ಹೊರಗೆ ಬರೋದಿಲ್ಲ.
ಹನ್ನೊಂದು ಚಳಿಗಾಲದ ಹಿಂದೆ ನುಂಗಿಕೊಂಡದ್ದು,
ಬೆಣ್ಣೆ ಚಾಕುವಿಗೂ ಜಗ್ಗಲಿಲ್ಲ, ಬೈಗುಳಕ್ಕೂ ಬಗ್ಗಲಿಲ್ಲ.

ಮೋರಾಗ್ ಬೀಟನ್. ಹೆಸರು ಕೇಳಿರಲಾರೆ.
ಈ ಕೇಪ್ ಬ್ರೆಟನ್ನಿನಲ್ಲೇ ಯಾರೂ ಕೇಳಿಲ್ಲ.
ಇನ್ನೂರು ಪ್ರತಿ ಮಾಡಿಸಿದ್ದಳಂತೆ,
ನೂರನಲವತ್ತು ತಂಗಿಯ ಗರಾಜಿನಲ್ಲಿ ನೆನೆದುಹೋದವು.
ನನಗೆ ಸಿಕ್ಕಿದ್ದು ಚರ್ಚಿನ ಹಳೇಸಾಮಾನಿನ ಮೇಜಲ್ಲಿ,
ಕಾಲು ಡಾಲರಿಗೆ, ಒಂಟಿ ಕೈಗವಸಿನ ಪಕ್ಕ.

ಮೊದಲ ವಾರ ನನಗೂ ಸೇರಲಿಲ್ಲ.
ಇದೇನಪ್ಪಾ, ಮಣ್ಣಿಗೆ ಹೋಗಿಬಂದವಳ ಹಾಗೆ ಹಾಡ್ತಾಳೆ!
ಒಂದೇ ಗಿಟಾರು, ಅದರಲ್ಲೂ ಒಂದು ತಂತಿ ಸಡಿಲ,
ಪದ ಪದದ ನಡುವೆ ಮೈಲಿಗಟ್ಟಲೆ ಖಾಲಿ.
ಗಣಿಯೊಳಗೇ ಉಳಿದ ಅಣ್ಣ,
ಹುಟ್ಟದೆ ಹೋದ ಮಗುವಿಗೆ ಹೆಣೆದ ಕಾಲುಚೀಲ,
ಅಡುಗೆಮನೆಯಲ್ಲಿ ಬೂಟು ಕಳಚದೆ ಕೂತ ಗಂಡಸು.
ಒಂದರಲ್ಲೂ 'ಎಲ್ಲ ಸರಿಹೋಗುತ್ತೆ' ಅನ್ನೋದಿಲ್ಲ ಅವಳು.
ಅನ್ನದಿರೋದು ಎಂಥ ಉಪಕಾರ ಅಂತ
ಗೊತ್ತಾಗಿದ್ದು ಆಮೇಲೆ,
ರೋನಾ ಆಸ್ಪತ್ರೆಯಲ್ಲಿದ್ದ, ಆಮೇಲೆ ಎಲ್ಲೂ ಇಲ್ಲದ
ಆ ಫೆಬ್ರವರಿಯಲ್ಲಿ.
ಬಂದವರೆಲ್ಲ ಒಳ್ಳೇ ಮಾತನ್ನು ಕೇಕಿನ ಹಾಗೆ
ಮೇಜಿನ ಮೇಲಿಟ್ಟು ಹೋಗುತ್ತಿದ್ದರು.
ರಾತ್ರಿ ಮೂರಕ್ಕೆ, ಈ ಸೀಟಿನಲ್ಲಿ,
ಇವಳೊಬ್ಬಳು ನನಗೆ ಸುಳ್ಳು ಹೇಳಲಿಲ್ಲ.

ಎರಡನೇ ಬದಿ, ಮೂರನೇ ಹಾಡು. ಕಿವಿಗೊಡು.
ತಳದಲ್ಲಿ ಒಂದು ಸ್ವರ ಗುಂಯ್ಯೆನ್ನುತ್ತ ಇರುತ್ತೆ,
ಬಾವಿಯೊಳಗೆ ಕೂತು ಯಾರೋ ಶ್ರುತಿ ಹಿಡಿದ ಹಾಗೆ.
ಹಾರ್ಮೋನಿಯಮ್ಮೋ, ಆರ್ಗನ್ನೋ, ಸತ್ತವರೋ,
ಏಳು ವರ್ಷ ತಲೆ ಕೆಡಿಸಿಕೊಂಡಿದ್ದೆ.

ಒಂದು ನವೆಂಬರು. ಕೊಲ್ಲಿ ದಾಟುವ ಕೇಬಲ್ ದೋಣಿ.
ಟಿಕೆಟ್ ಹರಿಯುವ ಹೆಂಗಸು, ಕಿತ್ತಳೆ ಕೋಟು, ಕೆಂಪು ಮೂಗು,
ಕಿಟಕಿಗೆ ಬಗ್ಗಿದವಳು ಬಗ್ಗಿದ ಹಾಗೇ ನಿಂತಳು,
ನನ್ನ ಚಿಲ್ಲರೆ ಅವಳ ಕೈಯಲ್ಲಿ.
"ಅದು ಫ್ರಿಜ್ಜು" ಅಂದಳು.
"ಅಡುಗೆಮನೆಯಲ್ಲಿ ರೆಕಾರ್ಡ್ ಮಾಡಿದ್ದು. ಆರಿಸೋಣ ಅಂದ್ರೆ
ಒಳಗೆ ಅಮ್ಮನ ಇನ್ಸುಲಿನ್ ಇತ್ತು."

ಏಳು ವರ್ಷದ ಮಾತು ಗಂಟಲಲ್ಲಿ ಗಂಟುಬಿದ್ದಿತ್ತು.
ಬಾಯಿಂದ ಬಿದ್ದದ್ದು ಇಷ್ಟೇ:
"ಒಳ್ಳೇ ಫ್ರಿಜ್ಜು."

ನಕ್ಕಳು. ಕ್ಯಾಸೆಟ್ಟಿನಲ್ಲಿ ಎಲ್ಲೂ ಇಲ್ಲದ ನಗು.

ಕೊಲ್ಲಿ ನಾಲ್ಕು ನಿಮಿಷದ ದಾರಿ,
ಹಾಡು ಆರು ನಿಮಿಷ.
ಆಚೆ ದಡ ತಾಗಿತು, ಹಲಗೆ ಇಳಿಯಿತು,
ಗೇಟು ಎತ್ತಬೇಕಾದವಳು ಎತ್ತಲಿಲ್ಲ.
ಹಿಂದೆ ಮೀನಿನ ವ್ಯಾನು, ಶಾಲೆಯ ಬಸ್ಸು, ಹಾರನ್ನೋ ಹಾರನ್ನು.
ಅವಳು ಗೇಟಿನ ಮೇಲೆ ಕೈಯಿಟ್ಟು
ಬೇರೆ ಯಾರದೋ ಹಾಡು ಕೇಳುವವಳ ಹಾಗೆ ನಿಂತೇ ಇದ್ದಳು,
ಕೊನೆಯ ತಂತಿ ಅಡಗಿ
ಫ್ರಿಜ್ಜೂ ಅಡಗುವ ತನಕ.
ಆಮೇಲೆ ಎತ್ತಿ, ಹೋಗು ಅಂತ ಕೈ ಬೀಸಿದಳು.

ಮುಂದಿನ ವಾರ ಆ ಕೋಟಿನೊಳಗೆ ಬೇರೆ ಯಾರೋ.
ನಾನು ವಿಚಾರಿಸಲಿಲ್ಲ.

ಉಪ್ಪು ಚೆಲ್ಲಿದರೆ ರಸ್ತೆ ಬೆಚ್ಚಗಾಗುತ್ತೆ ಅಂದುಕೊಂಡಿದ್ದೀಯ,
ಎಲ್ಲರೂ ಹಾಗೇ ಅಂದುಕೊಳ್ಳೋದು.
ಇಲ್ಲ. ಇನ್ನಷ್ಟು ತಣ್ಣಗಾಗುತ್ತೆ.
ಆದರೂ ಹಿಮ ಕರಗುತ್ತೆ, ಗಾಲಿಗೆ ಹಿಡಿತ ಸಿಗುತ್ತೆ.

ಹೊಸ ರೇಡಿಯೋ ಹಾಕಿಸ್ತೀಯಾ? ಹಾಕಿಸು, ವಯಸ್ಸು ನಿಂದು.
ಈ ಡಬ್ಬ ಬಿಚ್ಚೋ ದಿನ ಒಂದು ಫೋನ್ ಮಾಡು,
ಸ್ಕ್ರೂಡ್ರೈವರ್ ನಾನೇ ತರ್ತೀನಿ.
ಇಗೋ ಬೀಗದಕೈ.
ವೈಪರಿನ ವಿಷಯ ಹೇಳಿದೆನಲ್ಲ?