ಎರಡಕ್ಕೂ ಮೂರಕ್ಕೂ ನಡುವೆ

ಕೇಬಲ್ಲು ಹರಿಯುವುದು ಯಾವಾಗಲೂ
ಕಣ್ಣಿಗೆ ಬೀಳದ ಕಡೆ.
ಬಂದೂಕಿಗಿರುವಂತೆ ಈ ಗೇರಿಗೂ ಒಂದು ಕುದುರೆ;
ಅದರ ಬಾಯೊಳಗೆ ಹಿತ್ತಾಳೆ ಗುಂಡು
ಕಚ್ಚಿಕೊಂಡು ಕೂತಿರುತ್ತದಲ್ಲ, ಅಲ್ಲೇ,
ಒಂದೊಂದೇ ಎಳೆ, ವರ್ಷಕ್ಕೊಂದರಂತೆ,
ಸದ್ದಿಲ್ಲದೆ.
ಕೊನೆಯ ಎಳೆಗೆ ಮಾತ್ರ ಸದ್ದಿದೆ.
ಹರಿದರೆ ಗಾಡಿ ನಿಲ್ಲುವುದಿಲ್ಲ, ಮೂರಕ್ಕೆ ಬೀಳುತ್ತದೆ,
ಇದ್ದುದರಲ್ಲೇ ಭಾರದ್ದು. ಅದೂ ಏರಿನ ನಡುವೆ.
ಇಗರ್ಜಿಯಲ್ಲಿ ಗಂಟೆ ಹೊಡೆಯುವ ಆಸಾಮಿ
ಬೈಯುತ್ತ ತಳ್ಳಿಕೊಂಡು ಬಂದು ಬಿಟ್ಟುಹೋದ.

ನಾಟಿಂಗ್‌ಹ್ಯಾಮಿನ ಸ್ನೆಂಟನ್ ಏರಿನ ಬುಡದಲ್ಲಿ
ನನ್ನ ಗ್ಯಾರೇಜು. ಗ್ಯಾರೇಜೆಂದರೆ ಒಂದು ಶಟರು,
ಒಂದು ಕೆಟಲು, ಗೋಡೆ ತುಂಬ ಪಾನಾ.
ಹಳೇ ಇಂಗ್ಲಿಷ್ ನಟ್ಟಿಗೆ ಹಳೇ ಇಂಗ್ಲಿಷ್ ಪಾನಾನೇ ಬೇಕು,
ಹೊಸದು ತೂರಿಸಿದರೆ ಮೂಲೆ ಸವೆಸಿಕೊಂಡು ನಗುತ್ತದೆ.

ವಾರಕ್ಕೆ ಐದು ದಿನ ಬಸ್ಸು ಓಡಿಸುತ್ತೇನೆ,
ಗೇರಿನ ಗೋಜಿಲ್ಲದ ಬಸ್ಸು.
ಶನಿವಾರ ಇದು.
ಗದಗಿನಲ್ಲಿ ನಾನು ಕಲಿತ ಸೈಕಲ್ಲಿಗೂ ಗೇರಿರಲಿಲ್ಲ:
ಏರು ಬಂತೋ, ಇಳಿ, ತಳ್ಳು.
ಅದೇ ಒಂದನೇ ಗೇರು.

ಮೊನ್ನೆ ಬಂದವಳು ಮೋರೀನ್ ಹ್ಯಾಲಮ್.
ಮೊಮ್ಮಗಳ ಸೈಕಲ್ಲು ಪಂಚರು. ಕಾಯುತ್ತ ನಿಂತಳು.
ಕುದುರೆಯ ಹೊಟ್ಟೆ ಬಿಚ್ಚಿಟ್ಟುಕೊಂಡು
ನಾನು ಹೆಣಗುತ್ತಿದ್ದೆ, ಉಗುರಿನಷ್ಟು ಸ್ಪ್ರಿಂಗಿನೊಡನೆ.
ಒಂದು ಕಾಲು ಕೂರಿಸಿದರೆ ಇನ್ನೊಂದು ಎಗರುತ್ತದೆ,
ಎಗರಿ ಎರಡು ಸಲ ಚಹಾದ ಲೋಟಕ್ಕೆ ಬಿದ್ದಿದೆ.
"ಕೊಡಿಲ್ಲಿ" ಅಂದಳು.
ಕನ್ನಡಕ ಹಾಕಿಕೊಳ್ಳಲಿಲ್ಲ, ಇದ್ದುದನ್ನು ತೆಗೆದಳು.
ಹೆಬ್ಬೆರಳಲ್ಲಿ ಒತ್ತಿ, ಕಿರುಬೆರಳನ್ನು
ಓಡಿಹೋಗದಂತೆ ಅಡ್ಡ ಕೊಟ್ಟು,
ಟಕ್.
ನನಗೆ ಇಪ್ಪತ್ತು ನಿಮಿಷ. ಅವಳಿಗೆ ಒಂದು ಉಸಿರೂ ಅಲ್ಲ.

"ಹನ್ನೊಂದು ವರ್ಷ. ದಿನಕ್ಕೆ ಒಂಬೈನೂರು.
ಅದರ ಮೇಲಿನ ಒಂದೊಂದಕ್ಕೂ ಬೇರೆ ಕಾಸು."
ಕಾರ್ಖಾನೆ ಇದ್ದಲ್ಲಿ ಈಗ ವಿದ್ಯಾರ್ಥಿಗಳ ಕೋಣೆಗಳು.
ಅದನ್ನವಳು ಹೇಳಲಿಲ್ಲ. ನಾನು ಬಸ್ಸಿನಿಂದ ದಿನಾ ನೋಡುತ್ತೇನೆ.

ಹಿಂದಿನ ಹಬ್ಬಿನ ಜಿಡ್ಡು ಒರೆಸಿದೆ.
ಒತ್ತಿದ ಅಂಕಿ: ಅರವತ್ತಮೂರು, ನಾಲ್ಕು.
ಏಪ್ರಿಲ್. ಅವಳ ಮುಖ ನೋಡಿದೆ,
ಕತೆಯೊಂದು ಕೂಡಿ ಬರಲಿ ಎಂಬ ಆಸೆ ನನ್ನದು.
"ನಾನು ಸೇರಿದ್ದು ಜೂನಿಗೆ" ಅಂದಳು.
"ಇದು ಬೆರಿಲ್ ಮಾಡಿದ್ದಿರಬೇಕು. ಗ್ರೀಸಿಗೆ ಜಿಪುಣಿ."

ಹೊಸ ಕೇಬಲ್ಲು ಹಾಯಿಸಿದೆ:
ಕೊಳವೆಯುದ್ದಕ್ಕೂ, ಪುಟ್ಟ ರಾಟೆಯ ಬೆನ್ನೇರಿ,
ಇಳಿದು, ಅಚ್ಚಿನ ಬಾಯಿಂದ ಹೊರಬಿದ್ದ
ಇರುವೆ ಸಾಲಿನಂಥ ಸರಪಳಿಗೆ.
ಎರಡರಲ್ಲಿಟ್ಟು ತೂತಿನಲ್ಲಿ ಇಣುಕಬೇಕು,
ಒಳಗಿನ ಕಡ್ಡಿಯ ಭುಜ ಅಚ್ಚಿನ ಅಂಚಿಗೆ ಸಮ ಬರುವವರೆಗೆ.
ಕೂದಲೆಳೆಯಷ್ಟು ಬಿಗಿದರೆ ಮೂರು ಸಿಗದು,
ಸಡಿಲಿಸಿದರೆ ಒಂದು ಸಿಗದು.
ಶ್ರುತಿ ಗಿತಿ ಎಂದು ದೊಡ್ಡ ಮಾತಾಡಲಾರೆ.
ಮಂಡಿಯೂರಿ ಒಂದು ಕಣ್ಣು ಮುಚ್ಚಿದವನಿಗೆ
ಕಾಣುವುದು ಅಷ್ಟೇ, ಮಟ್ಟ.

ಆಗ ಕೇಳಿದಳು,
"ಬದಲಾದಾಗ ಹೇಗಿರುತ್ತೆ?"
ಅರ್ಥವಾಗಲಿಲ್ಲ.
"ನನಗೆ ಸೈಕಲ್ಲು ಬರೋದಿಲ್ಲ.
ಕಲಿಸುವವರಿರಲಿಲ್ಲ. ಬಸ್ಸಿತ್ತು.
ಬೆಂಚಿನ ಮೇಲೆ ಟಕ್ ಅನ್ನಿಸಿ ಡಬ್ಬಿಗೆ ಹಾಕಿದ್ದೇ.
ಟಕ್ ಆದ ಮೇಲೆ ಏನು?"

ಏನಂತ ಹೇಳಲಿ.
ಬಾಯಿಗೆ ಬಂದದ್ದು ಎರಡಕ್ಕೂ ಮೂರಕ್ಕೂ ನಡುವಿನ ಜಾಗ,
ಕುದುರೆಯ ಮೇಲೆ ಅದಕ್ಕೆ ಅಂಕಿಯಿಲ್ಲ.
ಮಟ್ಟ ತಪ್ಪಿದ ದಿನ ಪೆಡಲ್ಲು ಅಲ್ಲಿ ಬೀಳುತ್ತದೆ,
ಕತ್ತಲಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟ ಹಾಗೆ,
ಆಮೇಲೆ ಎಲ್ಲಿಂದಲೋ ಹಲ್ಲಿಗೆ ಹಲ್ಲು.
"ಅದು ನಮ್ಮ ತಪ್ಪಲ್ಲ" ಅಂದಳು ತಟಕ್ಕನೆ,
"ಹಬ್ಬಿನ ವಿಭಾಗದ್ದು."

ಸೈಕಲ್ಲನ್ನು ಸ್ಟ್ಯಾಂಡಿಗೇರಿಸಿ ಪೆಡಲ್ಲು ಅವಳ ಕೈಗೆ ಕೊಟ್ಟೆ.
ಬಗ್ಗಿ ತಿರುಗಿಸಿದಳು. ಕುದುರೆ ನಾನೊತ್ತಿದೆ.
ಒಂದರಲ್ಲಿ ಮೌನ.
ಎರಡರಲ್ಲಿ ಟಿಕ್ ಟಿಕ್ ಎಂದು ಒಳಗೆ ಯಾರೋ ಎಣಿಸತೊಡಗಿದರು.
ಮೂರಕ್ಕೆ ಬಿಟ್ಟೆ. ಕಡ್ಡಿಗಳು ಕರಗಿ ಹೊಗೆಯಾದವು,
ಆ ಗಾಳಿಗೆ ಅವಳ ಕೋಟಿನ ಅಂಚು ಅಲುಗಿತು.
"ಹ್ಞಾ" ಅಂದಳು, ಅಷ್ಟೇ.
ನಿಲ್ಲಿಸಲಿಲ್ಲ.
ಟ್ಯೂಬಿನ ತೇಪೆ ಒಣಗಿ ಆಗಲೇ ಬಹಳ ಹೊತ್ತಾಗಿತ್ತು.